ತೊಂಬತ್ತು ಅಡಿ

ಆರು ಡಬ್ಬಿ. ತಗಡಿನ ಮ್ಯಾಲ ಪ್ರಾಗದ ಚೀಟಿ,
ಅದರ ಮ್ಯಾಲ ದಿಲ್ಲಿದು, ಅದರ ಮ್ಯಾಲ ಪುಣೆದು,
ಎಲ್ಲಾದರ ಮ್ಯಾಲ ಹುಬ್ಬಳ್ಳಿ ಪಾರ್ಸಲ್ ಆಫೀಸಿನ ನೀಲಿ ಶಿಕ್ಕಾ.
ನಾ ಆವಾಗ ಹದಿನಾಲ್ಕರಾಂವ.
ಮಾವ ನಾಗೂಸಾ ಖಟವಟೆ
ಶನಿವಾರ ಕಡೀ ಆಟ ಮುಗಿಸಿ
ಮರುದಿನದ ಚಿತ್ರ ಬಿಚ್ಚಿ ನೋಡತಿದ್ದ.
ಕಣ್ಣಿಲೆ ಅಲ್ಲ, ಹೆಬ್ಬೆರಳಿಲೆ,
ಅಂಚು ಸವರಕೋತ.

ಬೆಟಗೇರಿ ಮಗ್ಗದ ಮನಿಯಾಂವ,
ಎಳಿ ಎಲ್ಲಿ ಹರದದ ಅಂತ ಕತ್ತಲ್ಯಾಗ ಹೇಳಾಂವ.
ನಾಲ್ಕನೇ ರೀಲಿನ್ಯಾಗ ಬೆರಳು ನಿಂತಿತು.
"ಇಲ್ಲಿ ಕತ್ತರಿ ಬಿದ್ದದ. ನಮ್ಮ ಮಂದಿ ಕೈ ಅಲ್ಲಲೇ ಇದು,
ಇಷ್ಟು ಸಾಫ್ ಹಚ್ಚಾವರು ನಮ್ಮಲ್ಲಿ ಯಾರದಾರ?"
ಕಾರ್ಡಿನ ಮ್ಯಾಲ ಒಂಬೈನೂರಾ ಎಂಬತ್ತು ಅಡಿ.
ಅಳದ್ರ ಎಂಟುನೂರಾ ತೊಂಬತ್ತು.
ತೊಂಬತ್ತು ಅಡಿ ಅಂದ್ರ
ಒಂದು ನಿಮಿಷ.

ರವಿವಾರ ಮುಂಜಾನೆ ಒಂಬತ್ತಕ್ಕ
ಬ್ಯಾಂಕಿನ ಕಾರಕೂನರು, ವರ್ಕಶಾಪಿನ ಫಿಟ್ಟರುಗಳು,
ಚಿತ್ರಕಲಾ ಬಾಯಾರು ಇಂದುಮತಿ ಹುಯಿಲಗೋಳ,
ಮತ್ತ ಕಡೀ ಸಾಲಿನ್ಯಾಗ, ಟಿಕೆಟ್ ಇಲ್ಲದ,
ಜಮಾದಾರ ಗುರುಶಿದ್ದಪ್ಪ.
ಅಂಗಿ ಸಾದಾ. ಬೂಟು ಮಾತ್ರ ಸರಕಾರದ್ದು.
ಎಪ್ಪತ್ತಾರನೇ ಇಸವಿ ಅದು,
ನಾಲ್ಕು ಮಂದಿ ಕೂಡಿದಲ್ಲೆ ಐದನೇಯಾಂವ ಬರಕೋತ ಕೂಡತಿದ್ದ.

ಪರದೇ ಬಗಲಿಗೆ ಸ್ಟೂಲ್ ಹಾಕ್ಕೊಂಡು ಸಮುವೇಲ ಬೆಂಗೇರಿ.
ರಾಂಚಿ ಕಾರ್ಖಾನೆಯಾಗ ಚೆಕ್ ಇಂಜಿನಿಯರರ ಕೂಡ
ಒಂಬತ್ತು ವರ್ಷ ಕಬ್ಬಿಣ ಕಾಸಿದಾಂವ.
ಅವರ ಭಾಷಾದಾಗ ಬೈಗಳ, ಅಳತಿ,
ತಾಯಿಗೆ ಬರಿಯೋ ಕಾಗದದ ಮಾತು,
ಇಷ್ಟು ಬರತಿದ್ದವು.
ಅಷ್ಟರಾಗೇ ನಮಗ ಚಿತ್ರ ಹೇಳಾಂವ.

ಟ್ರಾಮಿನ ಕಂಡಕ್ಟರ್ ಹೆಣ್ಣಮಗಳು
ಆಳೆತ್ತರದ ಕನ್ನಡಿ ಹೊತಗೊಂಡು ಊರು ದಾಟತಾಳ.
ಅಷ್ಟೇ ಕತಿ.
ಕನ್ನಡಿಯಾಗ ಬ್ರೆಡ್ಡಿನ ಪಾಳಿ ಬರತದ, ಹೋಗತದ.
ಗ್ವಾಡಿ ಮ್ಯಾಲಿನ ಘೋಷಣೆ ಉಲ್ಟಾ ಬೀಳತದ,
ಓದಲಿಕ್ಕೆ ಬರದಂಗ ಆದ ಮ್ಯಾಲೇ
ಅದರ ಅಕ್ಷರ ಚಂದ ಕಾಣತಾವ.
"ಏನ್ ಬರದಾರ್ರೀ ಅದು?" ಯಾರೋ ಕೇಳಿದ್ರು.
"ನಮ್ಮ ಸ್ಟೇಶನ್ ಗ್ವಾಡಿಗೆ ಬರದದ್ದ," ಅಂದ ಸಮುವೇಲ.
ನಗಿ ಬಂತು. ಅರ್ಧಕ್ಕ ನುಂಗಿದ್ರು.

ನಾಲ್ಕನೇ ರೀಲು. ಚೌಕದಾಗ ಮಂದಿ ಸೇರ್ಯಾರ.
ಆಕಿ ಕನ್ನಡಿ ಮೆಲ್ಲಕ ತಿರುವತಾಳ,
ಟಕ್.
ಕನ್ನಡಿ ಇಲ್ಲ.
ಎರಡೂ ಕೈ ಹಿಡದಂಗನ ಅದಾವ,
ನಡುವ ಬರೇ ಗಾಳಿ.
ಹಂಗೇ ನಡದಾಳ. ಮಂದಿ ಸರದು ದಾರಿ ಬಿಡತಾರ,
ಒಡದೀತು ಅನ್ನಾವರಂಗ.

ಜಮಾದಾರ ಎದ್ದು ನಿಂತ.
ಬೆಳಕು ಅವನ ತಲಿಗೆ ತಾಕಿ,
ಆಕಿ ಎರಡು ಕೈ ನಡುವ, ಸರಿಯಾಗಿ,
ಅವನ ನೆರಳು ಬಿತ್ತು.
"ಕನ್ನಡಿಯೊಳಗ ಏನಿತ್ತು? ಬರಕೋಬೇಕು."
ಸಮುವೇಲ ಬಾಯಿ ತೆಗದ, ಮುಚ್ಚಿದ.
ಕತ್ತಲ್ಯಾಗಿಂದ ಒಂದು ದನಿ:
"ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರೀ ಸಾಹೇಬ್ರ?"
ಯಾರದು ಅಂತ ನನಗ ಗೊತ್ತು.
ಹೇಳಾಂಗಿಲ್ಲ.

ಆಟ ಬಿಟ್ಟ ಮ್ಯಾಲ ಚಾದಂಗಡಿಯಾಗ ಸಮುವೇಲ ಹೇಳಿದ:
ಇದನ್ನ ತೆಗದಾಂವಗ ಮತ್ತ ಕ್ಯಾಮೆರಾ ಕೊಡಲಿಲ್ಲಂತ,
ಈಗ ಯಾವದೋ ದವಾಖಾನಿ ಬಾಯ್ಲರಿಗೆ
ಕಲ್ಲಿದ್ದಲಿ ಹಾಕತಾನಂತ.
ಫಿಟ್ಟರ್ ಒಬ್ಬ ಬಶಿ ಕೆಳಗಿಟ್ಟು ಕೇಳಿದ,
"ರಾತ್ರಿ ಪಾಳಿನೋ, ಹಗಲೋ?"
ಮ್ಯಾಲ ಕ್ಯಾಬಿನ್ನಿನ್ಯಾಗ ನಾನು
ಬಲ್ಬಿನ ಮುಂದ ರೀಲು ಹಿಂದಕ್ಕ ಸುತ್ತತಿದ್ದೆ.
ಆಕಿ ಹಿಂದ ಹಿಂದ ನಡಕೋತ ಬಂದ್ಲು,
ಜೋಡಣಿ ಹೆಬ್ಬೆರಳಿಗೆ ಗೀರಿ ದಾಟಿತು,
ಕನ್ನಡಿ ತಿರಿಗಿ ಕೈಗೆ ಬಂತು.
ಮೂರು ಸಲ ಮಾಡಿದೆ. ಮಾವ ಬೈಲಿಲ್ಲ.

ವಾರದ ಮ್ಯಾಲ, ದುರ್ಗದಬೈಲಿನ ಕ್ಷೌರದಂಗಡಿ.
ಕುರ್ಚಿಯಾಗ ಜಮಾದಾರ, ಕುತ್ತಿಗಿ ತುಂಬ ನೊರಿ.
ಬಾಬುಲಾಲ ಹಿಂದ ನಿಂತು
ಹೆಡಕು ತೋರಸಲಿಕ್ಕೆ ಸಣ್ಣ ಕನ್ನಡಿ ಎತ್ತಿದ.
ದೊಡ್ಡ ಕನ್ನಡಿಯಾಗ ಸಣ್ಣ ಕನ್ನಡಿ,
ಅದರಾಗ ಬಾಕಿನ ಮ್ಯಾಲ ಕೂತ ನಾನು,
ನನ್ನ ಹಿಂದ ಬೀದಿ, ಬೀದಿಯಾಗ ಮಂದಿ.
ಎಷ್ಟೊತ್ತು ನೋಡಿದ್ನೋ.
ಒಂದು ನಿಮಿಷ ಇರಬೇಕು.
"ಇಳಸೋ ಮಾರಾಯಾ," ಅಂದ,
ಎಂಟಾಣೆ ಇಟ್ಟು, ಒಂದು ಕಿವಿ ಹಿಂದ ನೊರಿ ಹಂಗ ಬಿಟ್ಟು,
ಬಿಸಲಿಗೆ ಹೋದ.